ಮನೆಮಾತು ಮುಚ್ಚಿಡಬೇಡಿ, ಓದಿದ್ದನ್ನೂ ಮುಚ್ಚಿಡಬೇಡಿ!



ನಾನು ಮುದ್ರಣಾಲಯ ನಡೆಸುವವನು, ಭಾಷಣಕಾರನಲ್ಲ. ಓದುಗರ ಕೂಟಗಳಲ್ಲಿ ಕಾಣುವ ಒಂದು ಅಳುಕಿನ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮ ರಾಮನಗರ ಸೂಪಾ ಅಣೆಕಟ್ಟೆಯಲ್ಲಿ ಊರು ಮುಳುಗಿಸಿಕೊಂಡವರು ಬಂದು ನೆಲೆಸಿದ ಜಾಗ. ಇಲ್ಲಿ ಎಷ್ಟೋ ಮನೆಗಳಲ್ಲಿ ಆಡುವುದು ಕೊಂಕಣಿ, ಮರಾಠಿ. ಅಂಥ ಮನೆಯ ಹುಡುಗ ಕನ್ನಡ ಪುಸ್ತಕವನ್ನು ಪ್ರೀತಿಯಿಂದ ಓದುತ್ತಾನೆ. ಕೂಟಕ್ಕೆ ಬಂದರೆ ಮಾತ್ರ ಬಾಯಿ ಬಿಡುವುದಿಲ್ಲ. ಉಚ್ಚಾರ ತಪ್ಪಿದರೆ ನಕ್ಕಾರು! ಪತ್ತೇದಾರಿ ಕಾದಂಬರಿ ಓದಿದೆ ಎಂದರೆ ಮೂಗು ಮುರಿದಾರು! ಕೊನೆಗೆ ಓದದೇ ಇರುವ ಮಹಾಕಾವ್ಯದ ಹೆಸರು ಹೇಳಿ ಪಾರಾಗುತ್ತಾನೆ. ತಪ್ಪು ಯಾರದು? ನಗುವವರದು!

ಕನ್ನಡಕ್ಕೆ ಜ್ಞಾನಪೀಠ ತಂದವರು ಎಂಟು ಮಂದಿ. ಬೇಂದ್ರೆಯವರ (1973) ಮನೆಮಾತು ಮರಾಠಿ. ಮಾಸ್ತಿಯವರದು (1983) ತಮಿಳು. ನಮ್ಮದೇ ಜಿಲ್ಲೆಯ ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರದು (1998) ಕೊಂಕಣಿ. ಈ ಮೂವರನ್ನು ಬಿಟ್ಟು ಕನ್ನಡದ ಲೆಕ್ಕ ಹಾಕಿ ನೋಡೋಣ! ಇನ್ನು ಪತ್ತೇದಾರಿಯ ಮಾತು. ಎನ್. ನರಸಿಂಹಯ್ಯನವರ ಕಾದಂಬರಿ ಹಿಡಿದೇ ಓದಿನ ರುಚಿ ಹತ್ತಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಓದಿದ್ದನ್ನೇ ಹೇಳಿ. ಓದದ್ದನ್ನು ಓದಿಲ್ಲ ಎನ್ನಿ. ತೊದಲುವವನ ಮಾತನ್ನು ಪೂರ್ತಿ ಕೇಳಿ. ನಗೆಗೆ ಹೆದರಿ ಎದ್ದುಹೋದವನು ಮತ್ತೆ ಕನ್ನಡ ಪುಸ್ತಕ ಮುಟ್ಟುತ್ತಾನೆಯೆ? ಅಚ್ಚು ಹಾಕುವವನ ಮಾತು ನಂಬಿ: ಓದುಗನಿಲ್ಲದ ಪುಸ್ತಕ ಕೊನೆಗೆ ಸೇರುವುದು ರದ್ದಿಯ ತಕ್ಕಡಿಗೆ!