ಬಿಲ್ಲಿನ ಯಂತ್ರ ಕೊಳ್ಳುವ ಮುನ್ನ
(ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ಈಚೆಗೆ ನಮ್ಮ ಸಂಘಗಳ ಬಾಗಿಲಿಗೆ ಬಿಲ್ಲಿನ ಯಂತ್ರ ಮಾರುವವರು ಬರತೊಡಗಿದ್ದಾರೆ. "ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ, ಯಂತ್ರ ತೆಗೆದುಕೊಳ್ಳದಿದ್ದರೆ ದಂಡ ಬೀಳುತ್ತದೆ" ಎಂದು ಹೇಳುವವರೂ ಇದ್ದಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ವ್ಯಾಪಾರವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಹಸು ಕೊಳ್ಳುವಾಗ ನಾವು ಕೊಂಬಿಗೆ ಬಳಿದ ಬಣ್ಣ ನೋಡಿ ಬೆಲೆ ಕಟ್ಟುವುದಿಲ್ಲ. ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ನಮ್ಮ ಕೈಯಾರೆ ಹಾಲು ಕರೆದು ನೋಡುತ್ತೇವೆ. ಯಂತ್ರದ ವಿಷಯದಲ್ಲೂ ಅದೇ ಜಾಣತನ ಬೇಕು. ಏಕೆಂದರೆ ಅದಕ್ಕೆ ಕೊಡುವ ಹಣ ಸದಸ್ಯರು ಹಾಕಿದ ಹಾಲಿನಿಂದ ಬಂದದ್ದು.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., 2017ರ ಜುಲೈ 1ರಂದು ಬಂದಿತು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಿಂದ, 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಮೊದಲು ಕಡ್ಡಾಯವಾಯಿತು. ಆ ಮಿತಿ ಹಂತಹಂತವಾಗಿ ಇಳಿಯುತ್ತ 2022ರ ಅಕ್ಟೋಬರ್ 1ರಿಂದ 10 ಕೋಟಿಗೂ, 2023ರ ಆಗಸ್ಟ್ 1ರಿಂದ 5 ಕೋಟಿಗೂ ಬಂದಿತು. 2017-18ರಿಂದೀಚೆಗೆ ಯಾವುದೇ ಒಂದು ಹಿಂದಿನ ವರ್ಷದಲ್ಲಿ ಈ ಮಿತಿ ಮೀರಿದ್ದರೂ ನಿಯಮ ಅನ್ವಯಿಸುತ್ತದೆ.

ಇ-ಇನ್‌ವಾಯ್ಸ್ ಎಂದರೆ ಕಂಪ್ಯೂಟರಿನಲ್ಲಿ ಅಚ್ಚಾದ ಬಿಲ್ಲು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಾವು ಬರೆದ ಬಿಲ್ಲಿನ ವಿವರವನ್ನು ಸರ್ಕಾರ ಗೊತ್ತುಪಡಿಸಿದ ನೋಂದಣಿ ಪೋರ್ಟಲ್ಲಿಗೆ ಕಳಿಸಬೇಕು. ಪೋರ್ಟಲ್ ಅದನ್ನು ಪರಿಶೀಲಿಸಿ 64 ಅಕ್ಷರ-ಅಂಕಿಗಳ ಒಂದು ನೋಂದಣಿ ಸಂಖ್ಯೆಯನ್ನೂ, ಸಹಿ ಮಾಡಿದ ಕ್ಯೂ.ಆರ್. ಕೋಡನ್ನೂ ಹಿಂದಿರುಗಿಸುತ್ತದೆ. ಆ ಸಂಖ್ಯೆಯನ್ನು ಐ.ಆರ್.ಎನ್. ಎನ್ನುತ್ತಾರೆ. ನಿಯಮಕ್ಕೆ ಒಳಪಟ್ಟವರು ಐ.ಆರ್.ಎನ್. ಇಲ್ಲದೆ ಕೊಟ್ಟ ಬಿಲ್ಲು ಕಾನೂನಿನ ಕಣ್ಣಿನಲ್ಲಿ ಬಿಲ್ಲೇ ಅಲ್ಲ. ಅಂಥ ಬಿಲ್ಲಿನ ಮೇಲೆ ಕೊಂಡವರು ತಾವು ಕೊಟ್ಟ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಲು ಬಾರದು. ಆಗ ಗಿರಾಕಿ ನಮ್ಮ ಮಳಿಗೆ ಬಿಟ್ಟು ಬೇರೆ ಅಂಗಡಿಗೆ ಹೋಗುತ್ತಾನೆ.

ಕೌಂಟರಿನ ಮೇಲೆ ಹಣ ಪಡೆಯಲು ಅಂಟಿಸಿರುವ ಯುಪಿಐ ಚೀಟಿಗೂ ಈ ಕ್ಯೂ.ಆರ್. ಕೋಡಿಗೂ ಸಂಬಂಧವಿಲ್ಲ. ಒಂದು ಹಣ ಪಡೆಯಲು, ಇನ್ನೊಂದು ಬಿಲ್ಲು ನೋಂದಣಿಯಾಗಿದೆ ಎಂದು ತೋರಿಸಲು. 500 ಕೋಟಿ ಮೀರಿದ ವಹಿವಾಟಿನವರು ಮಾತ್ರ ಸಾಮಾನ್ಯ ಗಿರಾಕಿಯ ಬಿಲ್ಲಿನ ಮೇಲೂ ಹಣ ಪಾವತಿಯ ಕ್ಯೂ.ಆರ್. ಕೋಡ್ ಕೊಡಬೇಕು. ಅದು ದೊಡ್ಡ ಒಕ್ಕೂಟಗಳ ಮಾತು, ಹಳ್ಳಿಯ ಸಂಘದ್ದಲ್ಲ.

ಈಗ ನಮ್ಮ ಸಂಘಗಳ ವಿಷಯಕ್ಕೆ ಬರೋಣ. ಹಾಲಿಗೆ ತೆರಿಗೆಯಿಲ್ಲ, ಪಶು ಆಹಾರಕ್ಕೂ ಇಲ್ಲ. ಈ ಎರಡನ್ನೇ ಮಾರುವ ಸಂಘಕ್ಕೆ ಜಿ.ಎಸ್.ಟಿ. ನೋಂದಣಿಯೇ ಬೇಕಿಲ್ಲ. ಇ-ಇನ್‌ವಾಯ್ಸ್ ಯಂತ್ರವನ್ನು ಅಂಥ ಸಂಘಕ್ಕೆ ಮಾರಲು ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ.

ಆದರೆ ಸಂಘದ ಮಳಿಗೆಯಲ್ಲಿ ತುಪ್ಪ, ಪ್ಯಾಕೆಟ್ ಮೊಸರು ಮಾರಲು ಆರಂಭಿಸಿದ ದಿನ ಲೆಕ್ಕ ಬದಲಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ಮಿತಿಯನ್ನು ಅಳೆಯುವುದು ತೆರಿಗೆ ಬೀಳುವ ಸರಕಿನ ಮೇಲೆ ಮಾತ್ರವಲ್ಲ, ಒಟ್ಟು ವಹಿವಾಟಿನ ಮೇಲೆ. ತೆರಿಗೆಯಿಲ್ಲದ ಹಾಲಿನ ಹಣವೂ ಅದರಲ್ಲಿ ಸೇರುತ್ತದೆ. ವರ್ಷಕ್ಕೆ 5 ಕೋಟಿ 80 ಲಕ್ಷದ ಹಾಲು, 20 ಲಕ್ಷದ ತುಪ್ಪ-ಮೊಸರು ಮಾರುವ ಒಂದು ಸಂಘವನ್ನು ಊಹಿಸಿಕೊಳ್ಳಿ. "ನಮ್ಮದು 20 ಲಕ್ಷದ ವ್ಯಾಪಾರ" ಎಂದು ಅದು ಸುಮ್ಮನಿರುವಂತಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು 6 ಕೋಟಿಯ ಸಂಘ. ನೋಂದಣಿಯ 40 ಲಕ್ಷದ ಮಿತಿಗೂ ಇದೇ ಅಳತೆ.

ಹಾಗೆಂದು ಆ ಸಂಘ ಪ್ರತಿಯೊಂದು ಬಿಲ್ಲನ್ನೂ ಪೋರ್ಟಲ್ಲಿಗೆ ಕಳಿಸಬೇಕೆಂದಲ್ಲ. ಮನೆಗೆಂದು ಅರ್ಧ ಕಿಲೋ ತುಪ್ಪ ಕೊಂಡವರಿಗೆ ಸಾಧಾರಣ ತೆರಿಗೆ ಬಿಲ್ಲು ಸಾಕು. ಸದಸ್ಯರಿಗೆ ಕೊಟ್ಟ ಪಶು ಆಹಾರಕ್ಕೆ ತೆರಿಗೆರಹಿತ ಸರಬರಾಜಿನ ಬಿಲ್ಲು ಸಾಕು. ಜಿ.ಎಸ್.ಟಿ. ಸಂಖ್ಯೆಯಿರುವ ಹೋಟೆಲಿನವರೋ ಅಡುಗೆ ಗುತ್ತಿಗೆದಾರರೋ ತುಪ್ಪದ ಡಬ್ಬ ಕೊಂಡಾಗ ಮಾತ್ರ ಐ.ಆರ್.ಎನ್. ಬೇಕು. ಆದ್ದರಿಂದ ನಮಗೆ ಬೇಕಾದ ಯಂತ್ರ ಈ ಮೂರು ಬಗೆಯ ಬಿಲ್ಲನ್ನೂ ಬೇರೆಬೇರೆಯಾಗಿ ಬರೆಯಬೇಕು, ದಿನದ ಕೊನೆಗೆ ಬೇರೆಬೇರೆಯಾಗಿಯೇ ಲೆಕ್ಕ ಒಪ್ಪಿಸಬೇಕು.

ಇದು ಏಕೆ ಮುಖ್ಯ? 2025ರ ಜುಲೈಯಲ್ಲಿ ನಮ್ಮ ರಾಜ್ಯದ ಸಣ್ಣ ವರ್ತಕರಿಗೆ, ಯುಪಿಐ ಮೂಲಕ ಜಮೆಯಾದ ಹಣದ ಲೆಕ್ಕದ ಮೇಲೆ ತೆರಿಗೆ ನೋಟೀಸು ಹೋದದ್ದು ನಿಮಗೆ ನೆನಪಿರಬೇಕು. ಹಾಲು, ತರಕಾರಿ ಮಾರುವವರೂ ಆಗ ಕಂಗಾಲಾದರು. ಬ್ಯಾಂಕಿನ ಪುಸ್ತಕ ಬಂದ ಹಣವನ್ನು ಹೇಳುತ್ತದೆಯೇ ಹೊರತು ಅದು ಹಾಲಿನದೋ ತುಪ್ಪದ್ದೋ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ನಮ್ಮ ಬಿಲ್ಲು.

ಇನ್ನು ಯಂತ್ರವನ್ನು ಪರೀಕ್ಷಿಸುವ ಬಗೆ. ಐದು ಅಂಶಗಳನ್ನು ಹೇಳುತ್ತೇನೆ.

ಒಂದನೆಯದು, ತೆರಿಗೆ ದರ ಬದಲಿಸುವ ಅನುಕೂಲ. 2025ರ ಸೆಪ್ಟೆಂಬರ್ 22ರಂದು ತುಪ್ಪ, ಬೆಣ್ಣೆ, ಚೀಸುಗಳ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಪ್ಯಾಕೆಟ್ ಪನೀರಿನ ಮೇಲಿದ್ದ ಶೇಕಡಾ 5 ಪೂರ್ತಿ ಹೋಯಿತು. ಇಂಥ ದಿನ ಬೆಳಿಗ್ಗೆ ಮಳಿಗೆ ತೆರೆಯುವ ಮೊದಲೇ ಹೊಸ ದರ ಹಾಕಲು ಕಾರ್ಯದರ್ಶಿಗೇ ಬರಬೇಕು. ಹಳೆಯ ಬಿಲ್ಲುಗಳಲ್ಲಿ ಹಳೆಯ ದರವೇ ಉಳಿಯಬೇಕು. ಇದಕ್ಕಾಗಿ ಪಟ್ಟಣದಿಂದ ಯಂತ್ರದವರು ಬರಬೇಕಾದರೆ ಆ ಯಂತ್ರ ಬೇಡ.

ಎರಡನೆಯದು, ಬಿಲ್ಲಿನ ಸಂಖ್ಯೆ ಮತ್ತು ಸರಕಿನ ಸಂಕೇತ. ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರಬಾರದು, ಸಾಲು ತಪ್ಪಬಾರದು, ಒಂದೇ ವರ್ಷದಲ್ಲಿ ಎರಡು ಸಲ ಬರಬಾರದು. 5 ಕೋಟಿ ಮೀರಿದವರು ಎಚ್.ಎಸ್.ಎನ್. ಸಂಕೇತವನ್ನು 6 ಅಂಕಿಗಳಲ್ಲಿ ಹಾಕಬೇಕು. ತುಪ್ಪಕ್ಕೆ ಅದು 040590. ಎರಡು ಕೌಂಟರುಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಸರಣಿ ಇಡುವ ಅವಕಾಶವಿದೆಯೇ ಕೇಳಿ.

ಮೂರನೆಯದು, ಸಂಪರ್ಕ ಕಡಿದಾಗಿನ ನಡತೆ. ನಮ್ಮ ಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಹೇಳಿ ಹೋಗುವುದಿಲ್ಲ. ಮನೆ ಗಿರಾಕಿಯ ಬಿಲ್ಲು ಆಗಲೂ ನಿಲ್ಲಬಾರದು. ಐ.ಆರ್.ಎನ್. ಬಾಕಿಯಿರುವ ಬಿಲ್ಲುಗಳ ಪಟ್ಟಿ ಪರದೆಯ ಮೇಲೆ ಎದ್ದು ಕಾಣಬೇಕು. ತಪ್ಪಾದ ಇ-ಇನ್‌ವಾಯ್ಸನ್ನು ಪೋರ್ಟಲ್ಲಿನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. 10 ಕೋಟಿ ಮತ್ತು ಮೇಲ್ಪಟ್ಟವರಿಗೆ 2025ರ ಏಪ್ರಿಲ್ 1ರಿಂದ ಇನ್ನೊಂದು ಕಟ್ಟು ಇದೆ: ಬಿಲ್ಲಿನ ದಿನಾಂಕದಿಂದ 30 ದಿನ ದಾಟಿದರೆ ಪೋರ್ಟಲ್ ಅದನ್ನು ಸ್ವೀಕರಿಸುವುದಿಲ್ಲ.

ನಾಲ್ಕನೆಯದು, ದಾಖಲೆ. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಚಿಕ್ಕ ಯಂತ್ರದ ಶಾಖದ ಕಾಗದದ ಅಕ್ಷರ ಅಷ್ಟು ದಿನ ನಿಲ್ಲುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಂತೆ, ಯಂತ್ರ ಕೆಟ್ಟ ದಿನ ವರ್ಷಗಳ ಲೆಕ್ಕ ಹೋಗಬಾರದು. ಪ್ರತಿ ವಾರ ಬೇರೊಂದು ಕಡೆ ನಕಲು ಉಳಿಯಬೇಕು. ನಾಳೆ ಯಂತ್ರ ಬದಲಿಸಿದರೆ ನಮ್ಮ ಲೆಕ್ಕವನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಹೊರತೆಗೆದು ಕೊಡುತ್ತೇವೆಂದು ಮಾರುವವರು ಬರೆದು ಕೊಡಬೇಕು.

ಐದನೆಯದು, ಬೀಗದ ಕೈ ಯಾರ ಬಳಿ? 2025ರ ಏಪ್ರಿಲ್ 1ರಿಂದ ಪೋರ್ಟಲ್ ಪ್ರವೇಶಕ್ಕೆ ಗುಪ್ತಪದದ ಜೊತೆಗೆ ಓ.ಟಿ.ಪಿ.ಯೂ ಎಲ್ಲರಿಗೂ ಕಡ್ಡಾಯ. ಅಲ್ಲಿ ನಮೂದಿಸಿದ ಮೊಬೈಲು ಸಂಘದ್ದಾಗಿರಲಿ. ಯಂತ್ರ ಮಾರಿದವರದ್ದಾಗಲಿ, ನಾಳೆ ನಿವೃತ್ತರಾಗುವವರದ್ದಾಗಲಿ ಬೇಡ.

ಇಷ್ಟೆಲ್ಲ ಕೇಳಿದ ಮೇಲೆ "ಹಾಗಾದರೆ ಯಾವ ಯಂತ್ರ ಕೊಳ್ಳೋಣ?" ಎನ್ನುತ್ತೀರಿ. ಕಳೆದ ಮೂರು ತಿಂಗಳ ಬಿಲ್ಲು ಪುಸ್ತಕ ತೆಗೆದು, ಜಿ.ಎಸ್.ಟಿ. ಸಂಖ್ಯೆಯಿರುವವರಿಗೆ ಬರೆದ ಬಿಲ್ಲು ಎಷ್ಟೆಂದು ಮೊದಲು ಎಣಿಸಿ ನೋಡಿ. ತಿಂಗಳಿಗೆ ಐದೋ ಹತ್ತೋ ಇದ್ದರೆ, ಕೇಂದ್ರ ಸರ್ಕಾರದ ಎನ್.ಐ.ಸಿ. ಸಂಸ್ಥೆ ಉಚಿತವಾಗಿ ಕೊಟ್ಟಿರುವ ತಂತ್ರಾಂಶದಲ್ಲೇ ಇ-ಇನ್‌ವಾಯ್ಸ್ ತಯಾರಿಸಬಹುದು. ಮಳಿಗೆಗೆ ಸಾಧಾರಣ ಬಿಲ್ಲಿನ ಯಂತ್ರ ಸಾಕು. ದಿನವೂ ಅಂಥ ಬಿಲ್ಲುಗಳಿದ್ದರೆ ಮಾತ್ರ ಪೋರ್ಟಲ್ಲಿಗೆ ನೇರ ಜೋಡಣೆಯಿರುವ ಯಂತ್ರಕ್ಕೆ ಹಣ ಹಾಕುವುದು ಸರಿ.

ಕೊಳ್ಳಲೇಬೇಕಾದರೆ ಮೂರು ಕಡೆ ದರಪಟ್ಟಿ ತರಿಸಿ. ಮೊದಲ ಬೆಲೆಯ ಜೊತೆಗೆ ವರ್ಷವರ್ಷ ಕೊಡಬೇಕಾದ ಶುಲ್ಕವನ್ನೂ ಸೇರಿಸಿ ಐದು ವರ್ಷದ ಖರ್ಚು ಹೋಲಿಸಿ. ಮಾರುವವರು ತಂದ ಮಾದರಿ ಬಿಲ್ಲನ್ನು ನೋಡಿ ಒಪ್ಪಬೇಡಿ. ನಿಮ್ಮದೇ ಹತ್ತು ಹಳೆಯ ಬಿಲ್ಲುಗಳನ್ನು, ನಿಮ್ಮದೇ ಮಳಿಗೆಯ ಹುಡುಗನ ಕೈಯಲ್ಲಿ ಅವರ ಎದುರಿಗೆ ಬರೆಸಿ. ಫಲಿತಾಂಶವನ್ನು ನಿಮ್ಮ ಲೆಕ್ಕ ಪರಿಶೋಧಕರಿಗೆ ತೋರಿಸಿ, ಆಡಳಿತ ಮಂಡಳಿಯ ಸಭೆಯಲ್ಲಿ ಚರ್ಚಿಸಿ, ನಡವಳಿಯಲ್ಲಿ ಬರೆದು ನಿರ್ಧರಿಸಿ.

ತೂಕದಲ್ಲೂ ಜಿಡ್ಡಿನ ಅಳತೆಯಲ್ಲೂ ಸದಸ್ಯರು ಸಂಘವನ್ನು ನಂಬುವುದು ಅಳತೆ ಕಣ್ಣೆದುರಿಗೆ ನಡೆಯುತ್ತದೆ ಎಂಬ ಕಾರಣಕ್ಕೆ. ಮಳಿಗೆಯ ಬಿಲ್ಲೂ ಅಷ್ಟೇ ನಿಚ್ಚಳವಾಗಿದ್ದರೆ ತೆರಿಗೆಯವರಿಗೂ ಸದಸ್ಯರಿಗೂ ನಾವು ಒಂದೇ ಲೆಕ್ಕ ತೋರಿಸಬಹುದು.