ವಿದ್ಯಾರ್ಥಿ ಸಮ್ಮೇಳನದ ಪೂರ್ವಭಾವಿ ಸಭೆಯಲ್ಲಿ ಮಾಡಿದ ಭಾಷಣ



‘ಇಸ್ಲಾಮೀ ರಾಜ್ಯ’ ಎಂಬ ವಿಷಯವೇ ಬೇಡ, ಹೊರಗಿನವರು ತಪ್ಪು ತಿಳಿದಾರು ಎಂದು ಕೆಲವು ಹಿರಿಯರು ಹೇಳಿದರು. ಅವರ ಕಳವಳ ನಮಗೆ ಅರ್ಥವಾಗುತ್ತದೆ. ಆದರೆ ಮಕ್ಕಳು ಮೊಬೈಲಿನಲ್ಲಿ ಯಾರ್ಯಾರಿಂದಲೋ ಇದನ್ನು ಕೇಳುತ್ತಲೇ ಇದ್ದಾರೆ. ನಮ್ಮೆದುರೇ ಚರ್ಚಿಸಲಿ ಎಂದು ನಿರ್ಧರಿಸಿದ್ದೇವೆ.

1924ರಲ್ಲಿ ತುರ್ಕಿ ಖಿಲಾಫತ್ತನ್ನು ರದ್ದುಪಡಿಸಿತು. ಮರುವರ್ಷ ಈಜಿಪ್ಟಿನ ಅಲಿ ಅಬ್ದುಲ್ ರಾಝಿಕ್, ಖಿಲಾಫತ್ ಧರ್ಮದ ಕಡ್ಡಾಯವಲ್ಲ ಎಂದು ಬರೆದು ಅಲ್-ಅಝ್ಹರ್‌ನ ವಿದ್ವಾಂಸ ಪದವಿಯನ್ನೇ ಕಳೆದುಕೊಂಡರು. ನಮ್ಮ ದೇಶದಲ್ಲಿ ದೇವಬಂದ್‌ನ ಮೌಲಾನಾ ಹುಸೈನ್ ಅಹ್ಮದ್ ಮದನಿಯವರು ಮದೀನಾ ಒಪ್ಪಂದವನ್ನೇ ಆಧಾರವಾಗಿಟ್ಟು, ಹಿಂದೂ ಮುಸ್ಲಿಮರು ಕೂಡಿ ಒಂದೇ ಕೌಮ್ ಆಗಬಲ್ಲರು ಎಂದರು. ಮೌಲಾನಾ ಮೌದೂದಿ ಅದನ್ನು ಖಂಡಿಸಿದರು. ಇಬ್ಬರೂ ಕುರ್‌ಆನ್ ಬಲ್ಲವರೇ!

ಪ್ರಬಂಧ ಮಂಡಿಸುವವರು ತಮಗೆ ಒಪ್ಪಿಗೆಯಿಲ್ಲದ ವಾದವನ್ನು ಮೊದಲು ಸರಿಯಾಗಿ ವಿವರಿಸಬೇಕು. ಅಭಿಪ್ರಾಯ ಏನೇ ಇರಲಿ, ವಿದ್ಯಾರ್ಥಿವೇತನಕ್ಕೂ ಅದಕ್ಕೂ ಸಂಬಂಧವಿಲ್ಲ. ಅರ್ಜಿ ನಮೂನೆ ಟ್ರಸ್ಟ್ ಕಚೇರಿಯಲ್ಲಿ ಸಿಗುತ್ತದೆ.