ಆರ್ಥಿಕ ಪ್ರಗತಿ ಮತ್ತು ಮಾನವನ ಒಳಿತು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ದೇವಾಲಯದ ಹಬ್ಬದಲ್ಲಿ ಅರ್ಥಶಾಸ್ತ್ರದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ನಮ್ಮ ಪ್ರಭು ಕೂಲಿಯವರ ದಿನಗೂಲಿಯನ್ನು ಕುರಿತು ಮಾತನಾಡಿದರು. ಸಾಲವನ್ನು ಕುರಿತು, ಲೆಕ್ಕ ಒಪ್ಪಿಸಬೇಕಾದ ಮೇಸ್ತ್ರಿಯನ್ನು ಕುರಿತು ಮಾತನಾಡಿದರು. ಹೊಲ ಚೆನ್ನಾಗಿ ಬೆಳೆದಾಗ ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜಗಳನ್ನು ಕಟ್ಟಿಸಲು ಹೊರಟ ಧನಿಕನ ಸಾಮತಿಯನ್ನು ಸಂತ ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ಆತನ ಬೆಳೆ ಹೆಚ್ಚಿದ್ದು ತಪ್ಪಲ್ಲ. ಅದು ಯಾರಿಗಾಗಿ, ಯಾತಕ್ಕಾಗಿ ಎಂಬ ಪ್ರಶ್ನೆಯನ್ನು ಆತ ತನಗೆ ಹಾಕಿಕೊಳ್ಳಲಿಲ್ಲ. ಇಂದಿನ ನನ್ನ ಮಾತೆಲ್ಲವೂ ಈ ಒಂದು ಪ್ರಶ್ನೆಯನ್ನು ಕುರಿತದ್ದೇ ಆಗಿದೆ.

ಒಂದು ದೇಶ ಮುಂದುವರಿಯುತ್ತಿದೆಯೇ ಎಂದು ತಿಳಿಯಲು ಸರಕಾರಗಳು ಇಂದು ಮುಖ್ಯವಾಗಿ ಒಂದು ಸಂಖ್ಯೆಯನ್ನು ನೋಡುತ್ತವೆ. ಅದೇ ಒಟ್ಟು ದೇಶೀಯ ಉತ್ಪನ್ನ. ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಸರಕು ಮತ್ತು ಸೇವೆಗಳ ಬೆಲೆಯ ಮೊತ್ತವದು. ಈ ಲೆಕ್ಕದಲ್ಲಿ ಆಸ್ಪತ್ರೆಯ ಬಿಲ್ಲು ಸೇರುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ಮನೆಯಲ್ಲಿ ನೋಡಿಕೊಳ್ಳುವ ಸೊಸೆಯ ದುಡಿಮೆ ಸೇರುವುದಿಲ್ಲ. ಕಡಿದು ಮಾರಿದ ಮರ ಸೇರುತ್ತದೆ. ಬೋಳಾದ ಗುಡ್ಡದ ನಷ್ಟ ಸೇರುವುದಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ಅಮೆರಿಕದಲ್ಲಿ ರೂಪಿಸಿದ ಸೈಮನ್ ಕುಜ್ನೆಟ್ಸ್ ಎಂಬ ವಿದ್ವಾಂಸರೇ 1934ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಈ ಮೊತ್ತದಿಂದ ಜನರ ಯೋಗಕ್ಷೇಮವನ್ನು ಅಳೆಯಲು ಹೋಗಬಾರದೆಂದು ಎಚ್ಚರಿಸಿದ್ದರು. ಎಚ್ಚರಿಕೆ ಮರೆತುಹೋಯಿತು, ಸಂಖ್ಯೆ ಮಾತ್ರ ಉಳಿಯಿತು.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿರಲಿಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ ಕಾರ್ಮಿಕರ ನ್ಯಾಯವಾದ ವೇತನದ ಪರವಾಗಿ ನಿಂತರು. 2025ರಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನೇ ಆರಿಸಿಕೊಂಡದ್ದಕ್ಕೆ ಆ ಪತ್ರದ ನೆನಪೂ ಒಂದು ಕಾರಣ. 1964ರಲ್ಲಿ ಮುಂಬಯಿಗೆ ಬಂದು ನಮ್ಮ ದೇಶದ ಬಡತನವನ್ನು ಕಣ್ಣಾರೆ ಕಂಡ ಆರನೆಯ ಪೌಲರು 1967ರಲ್ಲಿ 'ಪೊಪುಲೋರುಮ್ ಪ್ರೊಗ್ರೆಸ್ಸಿಯೊ' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಅಭಿವೃದ್ಧಿಯೆಂದರೆ ಬರಿಯ ಆರ್ಥಿಕ ಬೆಳವಣಿಗೆಯಲ್ಲ, ಅದು ಪ್ರತಿಯೊಬ್ಬ ಮನುಷ್ಯನನ್ನೂ ಮನುಷ್ಯನ ಸಮಗ್ರ ಬಾಳನ್ನೂ ಮೇಲೆತ್ತಬೇಕು ಎಂಬುದು ಅದರ ತಿರುಳು.

ಈ ವಿಚಾರ ಬಂದದ್ದು ಎಲ್ಲಿಂದ ಎಂಬುದು ಕಡಲತಡಿಯವರಾದ ನಮಗೆ ತಿಳಿದಿರಬೇಕಾದ ಸಂಗತಿ. ಆ ಪತ್ರದಲ್ಲಿ ಜಗದ್ಗುರುಗಳು ಆಧಾರವಾಗಿ ತೆಗೆದುಕೊಂಡ ತಜ್ಞರಲ್ಲಿ ಫ್ರಾನ್ಸಿನ ದೊಮಿನಿಕನ್ ಗುರು ಲೂಯಿ ಜೋಸೆಫ್ ಲೆಬ್ರೆ ಒಬ್ಬರು. ಅವರು ಮೊದಲು ನೌಕಾದಳದ ಅಧಿಕಾರಿಯಾಗಿದ್ದರು. 1923ರಲ್ಲಿ ಸಂನ್ಯಾಸ ಸಂಘವನ್ನು ಸೇರಿದರು. ಸೇಂತ್ ಮಾಲೋ ಎಂಬ ಬಂದರಿನಲ್ಲಿದ್ದಾಗ ಅವರ ಕಣ್ಣಿಗೆ ಬಿದ್ದದ್ದು ಮೀನುಗಾರರ ಕಷ್ಟ. ದೊಡ್ಡ ಬಂಡವಾಳದ ಹಡಗುಗಳ ಪೈಪೋಟಿ, ಬೆಲೆಯ ಕುಸಿತ, ಸಾಲ. ಇವುಗಳ ನಡುವೆ ಸಣ್ಣ ದೋಣಿಯವರ ಸಂಸಾರಗಳು ನಲುಗುತ್ತಿದ್ದವು. ಲೆಬ್ರೆಯವರು ಉಪದೇಶವೊಂದನ್ನೇ ಮಾಡಿ ಸುಮ್ಮನಾಗಲಿಲ್ಲ. ಬಂದರುಗಳಿಗೆ ಹೋಗಿ ಕುಟುಂಬಗಳ ಸ್ಥಿತಿಗತಿಯನ್ನು ವಿಚಾರಿಸಿ ಬರೆದುಕೊಂಡರು. ಮೀನುಗಾರರು ಸಂಘಟಿತರಾಗಲು ನೆರವಾದರು. 1941ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯ ಹೆಸರಿನಲ್ಲೇ ಅರ್ಥಶಾಸ್ತ್ರ ಮತ್ತು ಮಾನವತೆ ಎಂಬ ಎರಡು ಪದಗಳು ಜೊತೆಯಾಗಿವೆ. 1966ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ವಿಶ್ವಪತ್ರ ಹೊರಬಂದಿತು.

ಸೇಂತ್ ಮಾಲೋದ ಕಥೆ ನಮಗೆ ಹೊಸದಲ್ಲ. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ರಂಪಣಿ ಬಲೆಯಿತ್ತು. ದೋಣಿಯಲ್ಲಿ ಬಲೆಯನ್ನು ಒಯ್ದು ಬಂಗುಡೆಯ ಹಿಂಡಿಗೆ ಸುತ್ತು ಹಾಕಿ, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಬಲೆಗೊಂದು ಪಾಲು, ದುಡಿದವನಿಗೊಂದು ಪಾಲು. ದಡದಲ್ಲಿಯೇ ಮೀನು ಕೊಂಡ ಹೆಂಗಸರು ಬುಟ್ಟಿ ಹೊತ್ತು ಊರೂರಿಗೆ ಮಾರಲು ಹೋಗುತ್ತಿದ್ದರು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ದೋಣಿಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿ ಅದನ್ನು ಬಳಸಿ ಹಿಡಿಯುವ ಶಕ್ತಿ ಅವುಗಳಿಗಿತ್ತು. ಬಂದರಿನ ಲೆಕ್ಕದಲ್ಲಿ ಮೀನು ಹೆಚ್ಚಿತು. ದಡದ ರಂಪಣಿ ಬರಿದಾಯಿತು. ದಡದವರಿಗೂ ಪರ್ಸೀನಿನವರಿಗೂ ಜಗಳಗಳಾದವು. ಕೆಲವು ರಂಪಣಿ ಗುಂಪುಗಳು ಸಾಲ ಮಾಡಿ ತಾವೇ ಪರ್ಸೀನ್ ಹಾಕಿದವು. ಉಳಿದವರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಯಂತ್ರ ಬರಬಾರದಿತ್ತೆಂದು ನಾನು ಹೇಳುತ್ತಿಲ್ಲ. ಯಂತ್ರದಿಂದ ಉಂಡವರೂ, ಮಕ್ಕಳನ್ನು ಓದಿಸಿದವರೂ ಈ ಸಭೆಯಲ್ಲಿದ್ದೀರಿ. ದಡದಲ್ಲಿ ನಿಂತವರ ಗತಿಯೇನೆಂದು ಮೊದಲೇ ಯೋಚಿಸಿ ಏರ್ಪಾಡು ಮಾಡಬೇಕಾಗಿತ್ತು ಎಂಬುದಷ್ಟೇ ನನ್ನ ಮಾತು.

ಹಾಗೆಯೇ, ಒಳಿತನ್ನು ಮುಂದಿಟ್ಟ ಒಂದು ನಿಯಮವೂ ನಮ್ಮ ಕಣ್ಣೆದುರಿಗಿದೆ. ಈಗ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನಗಳ ಉತ್ಪನ್ನವನ್ನು ನಾವು ಬಿಟ್ಟುಕೊಡುವುದು ಮೀನಿನ ಸಂತತಿ ಉಳಿಯಲಿ, ಬಿರುಗಡಲಿನಲ್ಲಿ ಜೀವ ಹೋಗದಿರಲಿ ಎಂದು. ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂದು ಯಾಜಕಕಾಂಡದಲ್ಲಿ ವಿಧಿಸಿದ ನಿಯಮದ ವಿವೇಕವೇ ಇಲ್ಲಿಯೂ ಇದೆ. ಆದರೆ ಕಡಲಿಗೆ ಸಿಕ್ಕ ಈ ವಿಶ್ರಾಂತಿಯ ಬೆಲೆಯನ್ನು ತೆರುವವರು ಯಾರು? ದೋಣಿಯ ಮಾಲೀಕನಿಗೆ ಉಳಿತಾಯವಿರುತ್ತದೆ. ದಿನದ ಪಾಲಿನಲ್ಲಿ ಬದುಕುವ ಕೆಲಸಗಾರನಿಗೆ, ಮೀನು ಮಾರುವ ತಾಯಿಗೆ ಇರುವುದಿಲ್ಲ. ರಜೆಯ ತಿಂಗಳುಗಳಿಗೆಂದು ಉಳಿತಾಯ ಮತ್ತು ಪರಿಹಾರದ ಸರಕಾರಿ ಯೋಜನೆಯೊಂದಿದೆ. ಹೆಸರು ನೋಂದಾಯಿಸಿದವರಿಗಷ್ಟೇ ಅದರ ಫಲ. ಒಳ್ಳೆಯ ನೀತಿಯೂ ಅದರ ಭಾರವನ್ನು ಹೊರುವವರ ಕಡೆ ನೋಡದಿದ್ದರೆ ಅರ್ಧ ನ್ಯಾಯವಾಗಿಯೇ ಉಳಿಯುತ್ತದೆ.

ಇಡೀ ದೇಶದ ಮಟ್ಟದಲ್ಲಿ ಇಂಥ ಪ್ರಯತ್ನ ಸಾಧ್ಯವೇ ಎಂದು ಕೇಳುವವರಿಗೆ ಎರಡು ನಿದರ್ಶನಗಳನ್ನು ಹೇಳುತ್ತೇನೆ. ನೆರೆಯ ಭೂತಾನವು 2008ರ ತನ್ನ ಸಂವಿಧಾನದಲ್ಲಿಯೇ ಪ್ರಜೆಗಳ ಒಟ್ಟು ಸಂತೋಷಕ್ಕೆ ಅನುಕೂಲ ಕಲ್ಪಿಸುವುದು ರಾಜ್ಯದ ಕರ್ತವ್ಯವೆಂದು ಬರೆದುಕೊಂಡಿತು. ನೆಲದ ಶೇಕಡ 60 ಭಾಗವಾದರೂ ಎಂದೆಂದಿಗೂ ಕಾಡಾಗಿರಬೇಕೆಂದು ವಿಧಿಸಿತು. ನ್ಯೂಜಿಲೆಂಡಿನ ಸರಕಾರವು 2019ರ ಮೇ 30ರಂದು 'ಕ್ಷೇಮದ ಮುಂಗಡಪತ್ರ'ವೆಂದು ಹೆಸರಿಟ್ಟು ತನ್ನ ಆಯವ್ಯಯವನ್ನು ಮಂಡಿಸಿತು. ಮಾನಸಿಕ ಆರೋಗ್ಯ, ಮಕ್ಕಳ ಬಡತನದ ನಿವಾರಣೆ, ಮಾವೋರಿ ಮೊದಲಾದ ಹಿಂದುಳಿದ ಜನರ ಏಳಿಗೆ ಇವು ಅದರ ಆದ್ಯತೆಗಳಲ್ಲಿ ಸೇರಿದ್ದವು. ಹಣ ಕೇಳುವ ಪ್ರತಿಯೊಂದು ಇಲಾಖೆಯೂ ತನ್ನ ಯೋಜನೆಯಿಂದ ಜನರ ಬಾಳು ಹೇಗೆ ಹಸನಾಗುವುದೆಂದು ತೋರಿಸಬೇಕಾಯಿತು. ಪ್ರಶ್ನೆಯನ್ನು ಖರ್ಚಿನ ನಂತರ ಕೇಳದೆ ಖರ್ಚಿಗೆ ಮೊದಲೇ ಕೇಳಿದ್ದು ಅದರ ಹೊಸತನ.

ಇವು ಸ್ವರ್ಗರಾಜ್ಯಗಳೆಂದು ಯಾರೂ ಭ್ರಮಿಸಬೇಕಾಗಿಲ್ಲ. ತಕ್ಕ ಉದ್ಯೋಗವಿಲ್ಲದೆ ಭೂತಾನದ ತರುಣರು ಈಚಿನ ವರ್ಷಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಕ್ಕೆ ಹೊರಟಿದ್ದಾರೆ. ಮಾನಸಿಕ ಆರೋಗ್ಯಕ್ಕೆ ಎತ್ತಿಟ್ಟ ಹಣದ ಫಲ ನಿಧಾನವಾಯಿತೆಂಬ ಟೀಕೆ ನ್ಯೂಜಿಲೆಂಡಿನಲ್ಲಿ ಕೇಳಿಬಂತು; 2023ರ ಚುನಾವಣೆಯಲ್ಲಿ ಆ ಪಕ್ಷ ಅಧಿಕಾರ ಕಳೆದುಕೊಂಡಿತು. ಸಂಪತ್ತು ಬೆಳೆಯದೆ ಹಂಚುವುದಾದರೂ ಏನನ್ನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಸಿದವನ ಎದುರು ಬೆಳವಣಿಗೆ ಬೇಡವೆಂದು ಹೇಳುವುದು ಹೊಟ್ಟೆ ತುಂಬಿದವರ ಮಾತು. ಆರನೆಯ ಪೌಲರೂ ಬೆಳವಣಿಗೆಯನ್ನು ಹಳಿಯಲಿಲ್ಲ. ಅದನ್ನು ಯಜಮಾನನ ಸ್ಥಾನದಿಂದ ಇಳಿಸಿ ಸೇವಕನ ಸ್ಥಾನದಲ್ಲಿ ಕೂರಿಸಿದರು.

ಕೊನೆಯದಾಗಿ ನಮ್ಮ ಮನೆಯ ಮಾತು. ಈ ಸ್ಮರಣ ಸಂಚಿಕೆಯಲ್ಲಿ ನೂರು ವರ್ಷಗಳ ಸಾಧನೆಯ ಪಟ್ಟಿ ಇರುತ್ತದೆ: ಗಂಟೆಗೋಪುರ, ಶಾಲೆಯ ಮಾಳಿಗೆ, ಸಭಾಂಗಣ. ಹಿರಿಯರ ಬೆವರಿನ ಫಲವಾದ ಇವೆಲ್ಲವಕ್ಕೂ ನಾವು ಕೃತಜ್ಞರು. ಆದರೆ ಇದೂ ಒಂದು ಬಗೆಯ ಉತ್ಪನ್ನದ ಲೆಕ್ಕವೇ ಅಲ್ಲವೇ? ಇನ್ನೊಂದು ಲೆಕ್ಕವನ್ನೂ ಬರೆಯೋಣ. ಮಳೆಗಾಲದ ರಜೆಯಲ್ಲಿ ನಮ್ಮ ವಾಳೆಗಳ ಎಷ್ಟು ಮನೆಗಳು ಬಡ್ಡಿ ಸಾಲಕ್ಕೆ ಬೀಳುತ್ತವೆ? ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ? ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರಿಲ್ಲ? ಒಡಿಶಾ, ಝಾರ್ಖಂಡಗಳಿಂದ ಬಂದು ನಮ್ಮ ದೋಣಿಗಳಲ್ಲಿ ದುಡಿಯುವ ಯುವಕರು ಕಾಯಿಲೆ ಬಿದ್ದರೆ ನೋಡುವವರು ಯಾರು? ಲೆಬ್ರೆಯವರಂತೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಲು ನಮ್ಮ ಯುವಜನರಿಗೆ ಒಂದು ಮಳೆಗಾಲ ಸಾಕು. ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಧರ್ಮಕೇಂದ್ರದ ಪಾಲನಾ ಪರಿಷತ್ತು ಮುಂದಿನ ವರ್ಷದ ಆಯವ್ಯಯವನ್ನು ತಯಾರಿಸಲಿ ಎಂಬುದು ನನ್ನ ವಿನಂತಿ.

ಪವಿತ್ರ ಗ್ರಂಥದ ಪ್ರಕಾರ ಐವತ್ತನೆಯ ವರ್ಷ ಜೂಬಿಲಿಯ ವರ್ಷ. ಆ ವರ್ಷ ದಾಸರಿಗೆ ಬಿಡುಗಡೆಯಾಗಬೇಕು, ಕೈಬಿಟ್ಟ ಭೂಮಿ ಮೂಲದವರಿಗೆ ಹಿಂದಿರುಗಬೇಕು. ನೂರು ವರ್ಷವೆಂದರೆ ಎರಡು ಜೂಬಿಲಿಗಳು. ಇವುಗಳಲ್ಲಿ ನಾವು ಯಾರ ಹೊರೆಯನ್ನು ಇಳಿಸಿದೆವು ಎಂದು ನಮ್ಮ ಮಕ್ಕಳು ಕೇಳಿದಾಗ ಉತ್ತರ ಕೊಡಲು ನಮಗೆ ಸಾಧ್ಯವಾಗಲಿ. ಅದಕ್ಕೆ ಬೇಕಾದ ಮನಸ್ಸನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತೇನೆ.